ಕ್ಯಾಸನೂರಿನ ಹೆಸರೂ ನಮ್ಮ ರಸ್ತೆಗಳೂ

ಅಪಾಯಕರವಾದ ಸರಕುಗಳ ಸಾಗಾಣಿಕೆಯನ್ನು ಕುರಿತು ವಿಶ್ವಸಂಸ್ಥೆಯ ತಜ್ಞಸಮಿತಿಯವರು ಜಿನೀವಾದಲ್ಲಿ ಸಿದ್ಧಪಡಿಸಿ, ಕಾಲಕಾಲಕ್ಕೆ ತಿದ್ದುತ್ತ ಬಂದಿರುವ ನಿಯಮಾವಳಿಯೊಂದುಂಟು. ಮನುಷ್ಯನ ಪ್ರಾಣಕ್ಕೆ ಎರವಾಗತಕ್ಕ ರೋಗಾಣುಗಳ ಪಟ್ಟಿಯೊಂದು ಅದರಲ್ಲಿ ಸೇರಿದೆ. ಎಬೋಲಾ, ಲಾಸಾ ಮೊದಲಾದ ಘೋರವ್ಯಾಧಿಗಳ ಸಾಲಿನಲ್ಲಿಯೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡೊಂದರ ಹೆಸರು ಅಚ್ಚಾಗಿರುವುದನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. ನಮ್ಮ ಹಳ್ಳಿಗರು ಮಂಗನ ಕಾಯಿಲೆಯೆಂದು ಕರೆಯುವ ಕ್ಯಾಸನೂರು ಅರಣ್ಯರೋಗದ ವೈರಸ್ಸೇ ಅದು.

1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನ ಜ್ವರದಿಂದ ಮಲಗಿದಾಗ, ರೋಗದ ಮೂಲವನ್ನು ಕಂಡುಹಿಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರವನ್ನು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಕೂಡಿ 1952ರಲ್ಲಿ ಸ್ಥಾಪಿಸಿದ್ದವು. ಇಂದು ಅದು ನಮ್ಮದೇ ರಾಷ್ಟ್ರೀಯ ಸಂಸ್ಥೆ. ಶಿವಮೊಗ್ಗೆಯಲ್ಲಿಯೂ ವೈರಸ್ ಪತ್ತೆಯ ಪ್ರಯೋಗಶಾಲೆಯಿದೆ. ಪರೀಕ್ಷೆಯ ವಿದ್ಯೆ ಸ್ವದೇಶಕ್ಕೆ, ಸ್ವಂತ ಜಿಲ್ಲೆಗೇ ಬಂದಿತು, ಸಂತೋಷವೇ. ಆದರೆ ರೋಗಿಯ ಹಾಸಿಗೆಯಿಂದ ಆ ಪ್ರಯೋಗಶಾಲೆಯ ಬಾಗಿಲಿನವರೆಗೆ ರಕ್ತದ ಮಾದರಿಯು ಹೇಗೆ ಬರುತ್ತದೆ ಎಂಬುದನ್ನು ಯಾರು ನೋಡುತ್ತಿದ್ದಾರೆ?

ನಿಯಮವು ಮಾದರಿಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸಿದೆ. ಕೊಬ್ಬಿನಂಶವನ್ನೋ ಸಕ್ಕರೆಯನ್ನೋ ಅಳೆಯಲು ತೆಗೆದ, ರೋಗಾಣುವಿನ ಶಂಕೆಯೇ ಇಲ್ಲದ ರಕ್ತಕ್ಕೆ ಕಟ್ಟುಪಾಡು ಕಡಮೆ. ಸಾಮಾನ್ಯ ರೋಗಿಯ ಕಫ ಮುಂತಾದವು ‘ಬಿ’ ವರ್ಗದವು. ಪೆಟ್ಟಿಗೆಯ ಮೇಲೆ ವಜ್ರಾಕೃತಿಯೊಳಗೆ 3373 ಎಂಬ ಅಂಕೆಯಿರಬೇಕು. ಪ್ರಾಣಾಪಾಯವನ್ನೋ ಶಾಶ್ವತ ಅಂಗವೈಕಲ್ಯವನ್ನೋ ತರಬಲ್ಲವು ‘ಎ’ ವರ್ಗದವು. ಮನುಷ್ಯರಿಗೆ ತಗಲುವಂಥವಕ್ಕೆ ಅಂಕೆ 2814. ಇಲ್ಲಿ ಒಂದು ಸೂಕ್ಷ್ಮವಿದೆ. ಡೆಂಗೆಯ ಹೆಸರಿನ ಮುಂದೆ, ಪ್ರಯೋಗಶಾಲೆಯಲ್ಲಿ ಬೆಳೆಸಿದ ರೋಗಾಣುವಾದರೆ ಮಾತ್ರ ‘ಎ’ ವರ್ಗಕ್ಕೆ ಸೇರತಕ್ಕದ್ದೆಂಬ ಷರತ್ತುಂಟು. ಕ್ಯಾಸನೂರಿನ ಹೆಸರಿನ ಮುಂದೆ ಆ ಷರತ್ತಿಲ್ಲ. ರೋಗಿಯ ಮೈಯಿಂದ ತೆಗೆದ ಒಂದು ಸಣ್ಣ ಕೊಳವೆಯ ರಕ್ತವೂ ‘ಎ’ ವರ್ಗವೇ. ರೋಗ ಖಚಿತವಾಗಿರಬೇಕೆಂದೂ ಇಲ್ಲ. ನ್ಯಾಯವಾದ ಶಂಕೆಯಿದ್ದರೆ ಸಾಕು.

ಎರಡು ವರ್ಗಕ್ಕೂ ಮೂರು ಹೊದಿಕೆಗಳು ವಿಧಿ. ಮಾದರಿಯಿರುವ ಕೊಳವೆ ಸೋರದಂತಿರಬೇಕು. ಅದರ ಸುತ್ತ, ಒಳಗಿನ ದ್ರವವಷ್ಟೂ ಚೆಲ್ಲಿದರೂ ಹೀರಿಕೊಳ್ಳುವಷ್ಟು ಹತ್ತಿಯೋ ಅಂಥ ಬೇರೆ ವಸ್ತುವೋ ಇರಬೇಕು. ಅದೆಲ್ಲವೂ ಸೋರದ ಎರಡನೆಯ ಡಬ್ಬಿಯೊಳಗೆ, ಆ ಡಬ್ಬಿ ಗಟ್ಟಿಯಾದ ಹೊರಪೆಟ್ಟಿಗೆಯೊಳಗೆ. ಮಂಜುಗಡ್ಡೆಯಿರತಕ್ಕದ್ದು ಎರಡನೆಯ ಡಬ್ಬಿಯ ಹೊರಗೆ. ಒಣಮಂಜನ್ನು ಬಳಸಿದರೆ ಅನಿಲ ಹೊರಹೋಗಲು ದಾರಿ ಬಿಟ್ಟಿರಬೇಕು. ಬಿಗಿಯಾಗಿ ಮುಚ್ಚಿದರೆ ಪೆಟ್ಟಿಗೆಯೇ ಸಿಡಿದೀತು. ‘ಬಿ’ ವರ್ಗದ ಕಟ್ಟು 1.2 ಮೀಟರ್ ಎತ್ತರದಿಂದ ಬಿದ್ದರೂ ಒಳಗಿನ ಕೊಳವೆ ಸೋರಕೂಡದು. ‘ಎ’ ವರ್ಗದ್ದಕ್ಕೆ ಆ ಪರೀಕ್ಷೆ 9 ಮೀಟರಿನದು.

ಕಾಗದದ ವಿಷಯವನ್ನೂ ಹೇಳಿಬಿಡುವೆವು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಿಂದ ಹೆಸರು ಪಡೆದ ಈ ಕಾಗದನಗರದಲ್ಲಿ ಯಂತ್ರಗಳ ಸದ್ದಡಗಿ ವರ್ಷಗಳೇ ಸಂದಿದ್ದರೂ, ಕಾಗದದ ಮೇಲಿನ ಗೌರವ ನಮಗಿನ್ನೂ ಅಡಗಿಲ್ಲ. ರೋಗಿಯ ವಿವರದ ಚೀಟಿಯನ್ನು ಕೊಳವೆಗೇ ಸುತ್ತಿ ರಬ್ಬರ್ ಪಟ್ಟಿ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಅದು ತಪ್ಪು. ಒಳಗಿರುವ ವಸ್ತುಗಳ ಪಟ್ಟಿ ಎರಡನೆಯ ಡಬ್ಬಿಗೂ ಹೊರಪೆಟ್ಟಿಗೆಗೂ ನಡುವೆ ಇರತಕ್ಕದ್ದು. ಕೊಳವೆ ಒಡೆದಾಗ ರಕ್ತದಲ್ಲಿ ನೆನೆದ ಚೀಟಿಯನ್ನು ಬರಿಗೈಯಿಂದ ಬಿಡಿಸಿ ಓದುವ ಗತಿ ಯಾವ ಗುಮಾಸ್ತೆಗೂ ಬಾರದಿರಲಿ.

ನಡೆಯುತ್ತಿರುವುದೇನು? ಖಾಸಗಿ ಬಸ್ಸೊಂದರಲ್ಲಿ ಎಂಜಿನ್ನಿನ ಪಕ್ಕದ ಬಿಸಿ ಹಲಗೆಯ ಮೇಲೆ ಟೇಪು ಸುತ್ತಿದ ಥರ್ಮೊಕೋಲ್ ಪೆಟ್ಟಿಗೆಯನ್ನು ನಾವೇ ಕಂಡಿರುವೆವು. ಅದರ ಮೇಲೆ ಗುರುತಿಲ್ಲ, ಅಂಕೆಯಿಲ್ಲ. ಪ್ರಯೋಗಶಾಲೆಯೊಂದರ ಫೋನ್ ನಂಬರ್ ಮಾತ್ರ. ಒಳಗೇನಿದೆಯೆಂದು ಕಂಡಕ್ಟರನನ್ನು ಕೇಳಿದರೆ, “ಏನೋ ಔಷಧಿ ಸ್ವಾಮಿ, ಸ್ಟ್ಯಾಂಡಿನಲ್ಲಿ ಬಂದು ತಗೊಳ್ತಾರೆ” ಎಂದನು. ಆತನನ್ನು ದೂರಲಾರೆವು, ಅವನಿಗೆ ಹೇಳಿದವರೇ ಇಲ್ಲ. ಜಾಗರೂಕತೆಯಿಂದ ಕಟ್ಟಿ ಕಳುಹಿಸುವ ಆಸ್ಪತ್ರೆಗಳೂ ಇವೆಯೆಂಬುದನ್ನು ನಾವು ಮರೆತಿಲ್ಲ. ಆದರೆ ಸೋಂಕಿಗೆ ಒಬ್ಬನ ಅಜಾಗರೂಕತೆ ಸಾಕು. ಮಂಗನ ಕಾಯಿಲೆ ಕಾಡಿನ ಉಣ್ಣೆಯಿಂದ ಹತ್ತತಕ್ಕದ್ದು, ಮನುಷ್ಯನಿಂದ ಮನುಷ್ಯನಿಗೆ ಹರಡತಕ್ಕದ್ದಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ನಿಜವೇ. ಆದರೂ ಕಾಡನ್ನೇ ಹೊಗದೆ ಪ್ರಯೋಗಶಾಲೆಯಲ್ಲಿ ಮಾದರಿಗಳ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಈ ರೋಗ ತಗುಲಿದ ನಿದರ್ಶನಗಳು ಹಲವಿವೆ.

ಇನ್ನೊಂದು ಕೇಡು ಕಣ್ಣಿಗೆ ಕಾಣದು. ವೈರಸ್ಸು ರಕ್ತದಲ್ಲಿ ನೇರವಾಗಿ ಸಿಕ್ಕುವುದು ಜ್ವರದ ಮೊದಲ ಕೆಲವು ದಿನಗಳಲ್ಲಿ. ಅಂದಿನ ಮಾದರಿ 2ರಿಂದ 8 ಡಿಗ್ರಿಯ ತಂಪಿನಲ್ಲಿ ಬರಬೇಕು. ಬಿಸಿಲಿಗೆ ಸಿಕ್ಕಿದರೆ ವೈರಸ್ಸಿನ ಕುರುಹು ಅಳಿಯುತ್ತದೆ. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ, ಕುಲುಕಾಟದಿಂದ ಕದಡಿದರೂ ರಕ್ತಕಣಗಳು ಒಡೆದು ಪರೀಕ್ಷೆ ಕೆಡುತ್ತದೆ. ಆಗ ‘ರೋಗವಿಲ್ಲ’ ಎಂಬ ವರದಿ ಬಂದರೆ ರೋಗಿಯನ್ನು ಮನೆಗೆ ಕಳುಹಿಸುವರು. ಆ ಊರಿನಲ್ಲಿ ಎಚ್ಚರಿಕೆಯ ಡಂಗುರವೂ ಆಗದು. ವರದಿಯೇ ಬಾರದಿದ್ದರೆ ವೈದ್ಯನು ಶಂಕೆಯಲ್ಲಾದರೂ ಇರುತ್ತಿದ್ದನು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಈ ಕಾಯಿಲೆ ಹಲವರನ್ನು ಬಲಿತೆಗೆದುಕೊಂಡಾಗ ಒಂದೊಂದು ದಿನದ ಬೆಲೆಯೇನೆಂಬುದನ್ನು ಜಿಲ್ಲೆಯೆಲ್ಲ ಕಂಡಿತು. ಸಾಗರದಿಂದ ಶಿವಮೊಗ್ಗೆಗೆ ಸುಮಾರು 70 ಕಿಲೋಮೀಟರು, ತೀರ್ಥಹಳ್ಳಿಯಿಂದ 60. ಅದಕ್ಕೂ ಮೊದಲು ಮಲೆನಾಡಿನ ತಿರುವುಗಳ ಹಾದಿಯುಂಟು. ತುಮರಿಯ ಕಡೆಯವರು 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿದ್ದರು. ಸೇತುವೆಯೇನೋ ಆಯಿತು. ಅದರ ಮೇಲೆ ಹೋಗುವ ಪೆಟ್ಟಿಗೆಯೂ ಸರಿಯಾಗಬೇಡವೇ?

ಕಾನೂನಿಲ್ಲವೆಂದು ಅಧಿಕಾರಿಗಳು ಹೇಳುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಪಾಯಕರ ಸರಕುಗಳಿಗೇ ಮೀಸಲಾದ ಭಾಗವಿದೆ: 131ನೆಯದು ಕಳುಹಿಸುವವನ, 132ನೆಯದು ಸಾಗಿಸುವವನ, 133ನೆಯದು ಚಾಲಕನ ಹೊಣೆಯನ್ನು ಹೇಳುತ್ತವೆ. ಬಹುಮಂದಿ ಇವನ್ನು ಪೆಟ್ರೋಲಿನ ಟ್ಯಾಂಕರಿಗೆ ಮಾತ್ರ ಸಂಬಂಧಿಸಿದವೆಂದು ತಿಳಿದಿರುವರು. ಆಸ್ಪತ್ರೆಯ ಕಸಕ್ಕಾದರೆ 2016ರ ನಿಯಮಗಳು ಬಾರ್‌ಕೋಡನ್ನೂ ವಾಹನದ ಜಾಡು ಹಿಡಿಯುವ ಯಂತ್ರವನ್ನೂ ವಿಧಿಸಿವೆ. ಬಳಸಿ ಬಿಸುಟ ಹತ್ತಿಗೆ ಇರುವ ಮರ್ಯಾದೆ, ರೋಗಿಯ ಪ್ರಾಣವನ್ನೇ ನಿರ್ಣಯಿಸುವ ರಕ್ತಕ್ಕೂ ಬೇಡವೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಡಿಸೆಂಬರಿನಿಂದ ಮೇವರೆಗಿನ ಕಾಯಿಲೆಯ ಕಾಲ ಬರುವ ಮುನ್ನ, ಕಾಡಂಚಿನ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ‘ಎ’ ವರ್ಗದ ಪೆಟ್ಟಿಗೆಗಳು ತಲುಪಲಿ. ಸತ್ತ ಮಂಗದ ಅಂಗಾಂಶಗಳೂ ಹಿಡಿದ ಉಣ್ಣೆಗಳೂ ಅವುಗಳಲ್ಲಿಯೇ ಬರಲಿ. ಮಾದರಿಯನ್ನು ಬಸ್ಸಿಗೆ ಕೊಡುವುದನ್ನು ಜಿಲ್ಲಾಧಿಕಾರಿಗಳು ನಿಷೇಧಿಸಿ, ತಾಲ್ಲೂಕಿಗೊಂದು ವಾಹನವನ್ನು ಗೊತ್ತುಮಾಡಲಿ. ಖಜಾನೆಯ ಹಣಕ್ಕೆ ಇರುವಂತೆ ಕೊಟ್ಟವನ, ಪಡೆದವನ ಸಹಿ ಸಮಯಸಮೇತ ದಾಖಲಾಗಲಿ. ಚಾಲಕನಿಗೆ ಕೈಗವಸು, ಹೀರುವ ಬಟ್ಟೆ, ಬ್ಲೀಚಿಂಗ್ ದ್ರಾವಣಗಳಿರುವ ಚೀಲವೊಂದಿರಲಿ. ಚೆಲ್ಲಿದರೆ ಬಟ್ಟೆ ಮುಚ್ಚಿ, ದ್ರಾವಣವನ್ನು ಅಂಚಿನಿಂದ ನಡುವಿಗೆ ಸುರಿದು, ಅರ್ಧ ಗಂಟೆ ಕಾಯಬೇಕೆಂಬುದನ್ನು ಅವನಿಗೆ ಕನ್ನಡದಲ್ಲಿ ಬರೆದುಕೊಡಲಿ. ಈ ವಿಷಯದಲ್ಲಿ ಇಲಾಖೆಯವರು ಕೈಕೊಂಡ ಕ್ರಮವನ್ನು ತಿಳಿಸಿದರೆ ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುವೆವು.