ಮಗ ರಾತ್ರಿ ವಿಮಾನ ಹಾರಿಸ್ತಾನೆ ಅಂದ್ರೆ...

ಬೆಳಗಿನ ಆರೂವರೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಅಕ್ಕನ ಫೋನ್. "ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೇ. ಅವನಿಗೆ ಇವತ್ತು ನೈಟ್ ಫ್ಲೈಯಿಂಗ್ ಅಂತೆ, ಅದೂ ಒಬ್ಬನೇ!" ಅಕ್ಕನ ಮಗ ಫ್ಲಾರಿಡಾದಲ್ಲಿ ಪೈಲಟ್ ತರಬೇತಿಯಲ್ಲಿದ್ದಾನೆ. ನಮಗೆ ಬೆಳಗಾಗುವಾಗ ಅಲ್ಲಿ ರಾತ್ರಿ ಒಂಬತ್ತು. "ಹೆದರಬೇಡ, ಕೆಳಗೆ ಕೂತವರು ದಾರಿ ಹೇಳ್ತಿರ್ತಾರೆ" ಅಂತ ಸಮಾಧಾನ ಮಾಡಿದೆ. ಆಮೇಲೆ ಗೊತ್ತಾಯ್ತು, ನಾನು ಹೇಳಿದ್ದು ಅರ್ಧ ಸುಳ್ಳು.

ಈಗ ಮಕ್ಕಳನ್ನು ಪೈಲಟ್ ಮಾಡಲು ಸಾಲ ತೆಗೆದು ಅಮೆರಿಕಕ್ಕೆ ಕಳಿಸುವವರು ನಮ್ಮ ನಿಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಅಂಥ ತಾಯಂದಿರಿಗಾಗಿ ಹುಡುಗನನ್ನೇ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳ್ತೀನಿ.

ಕಿಟಕಿಯಿಂದ ಹೊರಗೆ ನೋಡಿಕೊಂಡು ಹಾರಿಸುವುದಕ್ಕೆ ವಿಎಫ್‌ಆರ್ ಅಂತಾರೆ. ನಮ್ಮ ದೇಶದಲ್ಲಿ ಕತ್ತಲಾದ ಮೇಲೆ ಹೀಗೆ ಊರಿಂದೂರಿಗೆ ಹಾರಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಮೆರಿಕದಲ್ಲಿ ಬಿಡ್ತಾರೆ. ಅಷ್ಟೇ ಅಲ್ಲ, ಅಲ್ಲಿನ ಕಮರ್ಷಿಯಲ್ ಲೈಸೆನ್ಸ್ ಬೇಕೆಂದರೆ ರಾತ್ರಿ 5 ಗಂಟೆ ಹಾರಿರಬೇಕು, ಕಂಟ್ರೋಲ್ ಟವರ್ ಇರುವ ಕಡೆ 10 ಸಲ ಏರಿ ಇಳಿದಿರಬೇಕು.

ಕರೆಂಟ್ ಹೋದಾಗ ಮೊದಲು ಏನೂ ಕಾಣದೆ ಗೋಡೆ ತಡವುತ್ತೇವಲ್ಲ, ಆಮೇಲೆ ನಿಧಾನವಾಗಿ ಪಾತ್ರೆ ಸ್ಟ್ಯಾಂಡೂ ಕಾಣುತ್ತೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಒಂದೇ ಒಂದು ಸಲ ಜೋರು ಬೆಳಕು ಬಿದ್ದರೆ ಅದೆಲ್ಲ ಹಾಳು! ಅದಕ್ಕೇ ಪೈಲಟ್‌ಗಳು ಕೆಂಪು ಬೆಳಕಿನ ಟಾರ್ಚ್ ಇಟ್ಟುಕೊಳ್ಳುವುದು. ಮಂಕಾದ ದೀಪವನ್ನು ನೇರವಾಗಿ ನೋಡಿದರೆ ಮಾಯವಾಗುತ್ತೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತೆ. ಬೇಕಾದರೆ ಇವತ್ತು ರಾತ್ರಿ ಟೆರೇಸಿಗೆ ಹೋಗಿ ಒಂದು ಚಿಕ್ಕ ನಕ್ಷತ್ರವನ್ನು ಹೀಗೆ ನೋಡಿ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಅಲ್ಲಿನ ಎಷ್ಟೋ ಸಣ್ಣ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಯಾರೂ ಇರೋದಿಲ್ಲವಂತೆ, ದೀಪವೂ ಇರೋದಿಲ್ಲ. ಪೈಲಟ್ ತನ್ನ ಮೈಕಿನ ಬಟನ್ನನ್ನು 5 ಸೆಕೆಂಡಿನಲ್ಲಿ 7 ಸಲ ಒತ್ತಿದರೆ ಕೆಳಗಿನ ರನ್‌ವೇ ದೀಪಗಳೆಲ್ಲ ಝಗ್ ಅಂತ ಹೊತ್ತಿಕೊಳ್ಳುತ್ತವೆ!

ಇನ್ನು ಆ 'ಕೆಳಗೆ ಕೂತವರ' ವಿಷಯ. ಪೈಲಟ್ ಕೇಳಿಕೊಂಡರೆ ಕಂಟ್ರೋಲರ್ ಒಂದು ನಾಲ್ಕಂಕಿಯ ನಂಬರ್ ಕೊಟ್ಟು, ರಾಡಾರಿನಲ್ಲಿ ಅವನ ಮೇಲೆ ಕಣ್ಣಿಟ್ಟು, ಹತ್ತಿರ ಬೇರೆ ವಿಮಾನ ಬಂದರೆ ಹೇಳುತ್ತಾರೆ. ಇದಕ್ಕೆ ಫ್ಲೈಟ್ ಫಾಲೋಯಿಂಗ್ ಅಂತ ಹೆಸರು. ಆದರೆ ಕೇಳಿದರೆ ಮಾತ್ರ, ಅದೂ ಅವರಿಗೆ ಬಿಡುವಿದ್ದರೆ. ವಿಎಫ್‌ಆರ್‌ನಲ್ಲಿ ಗುಡ್ಡ ಬೆಟ್ಟ ತಪ್ಪಿಸಿಕೊಳ್ಳುವುದು ಪೈಲಟ್‌ನದೇ ಜವಾಬ್ದಾರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ ಓಟೇ ಅಂತ ಒಂದು ಬೆಟ್ಟವಿದೆ. 1991ರಲ್ಲಿ ಹೀಗೆ ರಾತ್ರಿ ಹೊರಟ ಸಣ್ಣ ಜೆಟ್ ಒಂದು ಅದಕ್ಕೆ ಬಡಿದು 10 ಜನ ಸತ್ತರು. 2004ರಲ್ಲಿ ಅದೇ ನಿಲ್ದಾಣದಿಂದ ಹೊರಟ ಇನ್ನೊಂದು ಜೆಟ್ ಅದೇ ಬೆಟ್ಟಕ್ಕೆ ಬಡಿಯಿತು, 5 ಜನ ಹೋದರು.

ಮದುವೆಗೆ ಹೊರಟವರು

ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ನೆನಪಿರಬಹುದು. 1999ರ ಜುಲೈ 16ರಂದು ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟಾಗ ರಾತ್ರಿ 8.38. ಮರುದಿನ ಮನೆತನದಲ್ಲಿ ಒಂದು ಮದುವೆ. ಜೊತೆಗೆ ಬರ್ತೀನಿ ಎಂದ ತರಬೇತುದಾರನಿಗೆ 'ನಾನೊಬ್ಬನೇ ಹೋಗ್ತೀನಿ' ಅಂದಿದ್ದರಂತೆ. ಬರೀ ಉಪಕರಣ ನೋಡಿ ಹಾರುವ ಪರವಾನಗಿ ಅವರಿಗೆ ಇರಲಿಲ್ಲ. ನಿಲ್ದಾಣ ಬಿಟ್ಟ ಮೇಲೆ ಕಂಟ್ರೋಲರ್‌ಗಳ ಹತ್ತಿರ ಒಂದು ಮಾತೂ ಆಡಲಿಲ್ಲ. ಕಾನೂನಿನ ಪ್ರಕಾರ ಆಡಬೇಕಾಗಿಯೂ ಇರಲಿಲ್ಲ. ಸಮುದ್ರದ ಮೇಲೆ ಮಬ್ಬು, ಕೆಳಗೆ ದೀಪವಿಲ್ಲ, ನೀರೆಲ್ಲಿ ಮುಗಿದು ಆಕಾಶ ಎಲ್ಲಿ ಶುರು ಅಂತ ಗೊತ್ತಾಗದು. ಇಂಥ ಹೊತ್ತಲ್ಲಿ ಕಿವಿಯೊಳಗಿನ ಸಮತೋಲನ ನಮಗೇ ಮೋಸ ಮಾಡುತ್ತೆ, ವಾಲುತ್ತಿದ್ದರೂ ನೆಟ್ಟಗೇ ಇದ್ದೇವೆ ಅನ್ನಿಸುತ್ತೆ. ಮೂವರೂ ತೀರಿಕೊಂಡರು. ದಿಕ್ಕು ತಪ್ಪಿದ ಭ್ರಮೆಯಲ್ಲಿ ವಿಮಾನದ ಹತೋಟಿ ತಪ್ಪಿತು ಅಂತ ತನಿಖೆ ಹೇಳಿತು.

ಇದನ್ನು ಓದಿದಾಗ ನನಗೆ ನಾಚಿಕೆಯಾಯ್ತು. ಯಾಕೆ ಗೊತ್ತಾ? ಕಳೆದ ವರ್ಷ ನಮ್ಮ ಹುಡುಗ ಅಟ್ಲಾಂಟಾದಲ್ಲಿ ಅತ್ತೆಯ ಮನೆಯ ಗೃಹಪ್ರವೇಶಕ್ಕೆ ಹಾರಿಕೊಂಡು ಹೊರಟಿದ್ದ. ಅರ್ಧ ದಾರಿಯಲ್ಲಿ ಸಂಜೆಯಾಯ್ತು, ಮಬ್ಬು ಕವಿಯಿತು. ಇಳಿದು ಫೋನ್ ಮಾಡಿ "ಬೆಳಿಗ್ಗೆ ಹೋಗ್ತೀನಿ ಚಿಕ್ಕಿ" ಅಂದ. "ಇಷ್ಟು ದೂರ ಬಂದಿದೀಯ, ಹೋಗಿಬಿಡೋ. ಅವರೆಲ್ಲ ಕಾಯ್ತಿರ್ತಾರೆ" ಅಂದವಳು ನಾನೇ! ಪುಣ್ಯಕ್ಕೆ ಅವನು ನನ್ನ ಮಾತು ಕೇಳಲಿಲ್ಲ. ಮೋಟೆಲಿನಲ್ಲಿ ಮಲಗಿ, ಹೋಮವೆಲ್ಲ ಮುಗಿದ ಮೇಲೆ ಹೋಗಿ ಊಟ ಮಾಡಿದ. ಅತ್ತೆಗೆ ಸ್ವಲ್ಪ ಮುನಿಸು ಬಂತು, ಬರಲಿ ಬಿಡಿ.

ಹಾಗಾಗಿ ನಿಮ್ಮ ಮಗನೋ ಮಗಳೋ ರಾತ್ರಿ ಹಾರಾಟ ಅಂದರೆ, ಬರೀ 'ಹುಷಾರು' ಅನ್ನುವ ಬದಲು ಇಷ್ಟು ಕೇಳಿ. ಫ್ಲೈಟ್ ಫಾಲೋಯಿಂಗ್ ಕೇಳ್ತೀಯಾ? ಪೆಟ್ರೋಲ್ ಎಷ್ಟಿದೆ? ತಲುಪಿದ ಮೇಲೂ 45 ನಿಮಿಷ ಹಾರುವಷ್ಟು ಉಳಿದಿರಲೇಬೇಕು, ಅದು ಅಲ್ಲಿನ ನಿಯಮ. ಫ್ಲೈಟ್ ಪ್ಲಾನ್ ಕೊಟ್ಟಿದೀಯಾ? ಕೊಟ್ಟರೆ, ಇಳಿದ ಮೇಲೆ ಅದನ್ನು ಮುಗಿಸಿದೆ ಅಂತ ಅವನೇ ತಿಳಿಸಬೇಕು. ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಸುದ್ದಿಯಿಲ್ಲದಿದ್ದರೆ ಹುಡುಕಲು ಶುರು ಮಾಡುತ್ತಾರೆ. ಫ್ರೆಂಡ್ಸನ್ನು ಕೂರಿಸಿಕೊಂಡು ಹೋಗ್ತೀನಿ ಅಂದರೆ, ಹಿಂದಿನ 90 ದಿನಗಳಲ್ಲಿ ರಾತ್ರಿ ಕನಿಷ್ಠ 3 ಸಲ ಏರಿ ಇಳಿದಿದ್ದಾನಾ ವಿಚಾರಿಸಿ. ಮುಖ್ಯವಾಗಿ, 'ಇಷ್ಟು ಹೊತ್ತಿಗೆ ಬಂದುಬಿಡು' ಅನ್ನಬೇಡಿ.

ಅಕ್ಕ ಈಗ ಫೋನ್ ಮಾಡುವ ಮುಂಚೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡ್ತಾಳೆ. ಮೊನ್ನೆ ನಾನು ಅಲ್ಲೇ ಇದ್ದೆ. "ಇವತ್ತು ಅಮಾವಾಸ್ಯೆ ಕಣೋ, ಹೊರಗೆ ಏನೂ ಕಾಣಲ್ಲ" ಅಂದಳು. ಆ ಕಡೆಯಿಂದ ನಗು ಕೇಳಿಸಿತು. "ಗೊತ್ತಮ್ಮಾ, ಅದಕ್ಕೇ ಇವತ್ತು ಸರ್ ಜೊತೆ ಹೋಗ್ತಿದೀನಿ."