ಅಂಗಡಿ, ಹೋಟೆಲುಗಳಲ್ಲಿ ಮೊಬೈಲಿನಿಂದ ಹಣ ಪಾವತಿ: ರೈತರು ತಿಳಿದಿರಬೇಕಾದ ಸಂಗತಿಗಳು

ಸಂತೆಗೆ ಹೊರಟಾಗ ಹಣವನ್ನು ಸೊಂಟದ ಚೀಲದಲ್ಲಿಯೋ ಒಳಜೇಬಿನಲ್ಲಿಯೋ ಭದ್ರ ಮಾಡಿಕೊಂಡು ಹೋಗುವುದು ನಮ್ಮ ರೈತರ ಹಳೆಯ ರೂಢಿ. ಕೆಲವು ವರ್ಷಗಳಿಂದ ಈ ರೂಢಿ ಬದಲಾಗುತ್ತಿದೆ. ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿ, ಖಾನಾವಳಿ, ಚಹಾದ ಗೂಡಂಗಡಿ, ಎಳನೀರಿನ ತಳ್ಳುಗಾಡಿ, ಹೀಗೆ ಎಲ್ಲೆಲ್ಲಿಯೂ ಕಪ್ಪು ಬಿಳುಪು ಚೌಕಳಿಗಳ ಒಂದು ಚೀಟಿ ಅಂಟಿಸಿರುವುದನ್ನು ನೀವು ನೋಡಿರುತ್ತೀರಿ. ಗಿರಾಕಿ ತನ್ನ ಫೋನನ್ನು ಅದರ ಮುಂದೆ ಹಿಡಿಯುತ್ತಾನೆ. ಮರುಕ್ಷಣವೇ ಗಲ್ಲೆಯ ಬಳಿಯ ಪುಟ್ಟ ಪೆಟ್ಟಿಗೆ "ಇಷ್ಟು ರೂಪಾಯಿ ಬಂದಿದೆ" ಎಂದು ಕೂಗಿ ಹೇಳುತ್ತದೆ.

ಇದರಿಂದ ಅನುಕೂಲಗಳು ಉಂಟು. ಚಿಲ್ಲರೆಯ ತಕರಾರು ಇಲ್ಲ. ಹದಿನೇಳು ರೂಪಾಯಿ ಆದರೆ ಹದಿನೇಳನ್ನೇ ಕೊಡಬಹುದು. ಹಣ ಬೀಳುವ, ಕಳುವಾಗುವ ಭಯ ಕಡಿಮೆ. ಕೊಟ್ಟ ಪ್ರತಿಯೊಂದು ಪೈಸೆಗೂ ತಾರೀಖು ಸಹಿತ ಲೆಕ್ಕ ಉಳಿಯುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಜೇಬಿನ ಹಣ ಕಳೆದರೆ ಹೋಗುವುದು ಆ ದಿನದ ಖರ್ಚಿನ ಹಣ ಮಾತ್ರ. ಫೋನಿಗೆ ಜೋಡಿಸಿದ ಖಾತೆಯಲ್ಲಿ ಇಡೀ ವರ್ಷದ ಬೆಳೆಯ ಹಣ ಇದ್ದರೆ, ಒಂದು ಕ್ಷಣದ ಅಜಾಗರೂಕತೆಯಿಂದ ಅದೆಲ್ಲವೂ ಹೋಗಬಹುದು. ಆದ್ದರಿಂದ ಈ ಪದ್ಧತಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯಕ.

ಏನಿದು ಪದ್ಧತಿ?

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಈ ಪದ್ಧತಿಗೆ ಯು.ಪಿ.ಐ. ಎಂದು ಹೆಸರು. ಇದನ್ನು ನಡೆಸುವ ಸಂಸ್ಥೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ (ಎನ್.ಪಿ.ಸಿ.ಐ.). 2016ರ ಏಪ್ರಿಲ್ ತಿಂಗಳಲ್ಲಿ ಇದು ಪ್ರಾಯೋಗಿಕವಾಗಿ ಪ್ರಾರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭೀಮ್ ಎಂಬ ಆ್ಯಪ್ ಬಂದಿತು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ ಮುಂತಾದವು ಇದೇ ದಾರಿಯಲ್ಲಿ ಹಣ ಸಾಗಿಸುವ ಬೇರೆ ಬೇರೆ ಗಾಡಿಗಳೆಂದು ತಿಳಿಯಬಹುದು.

ಹಣ ಫೋನಿನಲ್ಲಿ ಇರುವುದಿಲ್ಲ. ಅದು ನಿಮ್ಮ ಬ್ಯಾಂಕಿನಲ್ಲಿಯೇ ಇರುತ್ತದೆ. ಫೋನಿನ ಮೂಲಕ ನೀವು ನಿಮ್ಮ ಬ್ಯಾಂಕಿಗೆ ಅಪ್ಪಣೆ ಕೊಡುತ್ತೀರಿ. ಆ ಅಪ್ಪಣೆ ನಿಗಮದ ಯಂತ್ರಗಳ ಮೂಲಕ ಹಾದು ಅಂಗಡಿಯವನ ಬ್ಯಾಂಕಿಗೆ ಮುಟ್ಟುತ್ತದೆ. ಈ ಅಪ್ಪಣೆಗೆ ನೀವು ಹಾಕುವ ಸಹಿಯೇ ನಾಲ್ಕು ಅಥವಾ ಆರು ಅಂಕಿಗಳ ಗುಪ್ತ ಸಂಖ್ಯೆ, ಅಂದರೆ ಪಿನ್.

ಅಂಗಡಿಯಲ್ಲಿ ಅಂಟಿಸಿದ ಚೌಕಳಿ ಚೀಟಿಗೆ ಕ್ಯೂ.ಆರ್. ಕೋಡ್ ಎನ್ನುತ್ತಾರೆ. ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕಕ್ಕಾಗಿ ಇದನ್ನು ರೂಪಿಸಿದರು. ನಮ್ಮ ಅಂಗಡಿಗಳ ಚೀಟಿಯಲ್ಲಿ ಅಡಗಿರುವುದು ಅಂಗಡಿಯವನ ಹೆಸರು ಮತ್ತು ಪಾವತಿ ವಿಳಾಸ. ಚೀಟಿ ಸ್ವಲ್ಪ ಮಾಸಿದ್ದರೂ, ಮೂಲೆ ಹರಿದಿದ್ದರೂ ಫೋನು ಅದನ್ನು ಓದಬಲ್ಲದು. ಹೊರದೇಶಗಳಲ್ಲಿ ಫೋನನ್ನು ಅಂಗಡಿಯ ಯಂತ್ರದ ಸಮೀಪ ತಂದು ಹಣ ಕೊಡುವ ಕ್ರಮ ಹೆಚ್ಚು. ಅದಕ್ಕೆ ವಿಶೇಷ ಯಂತ್ರ ಬೇಕು. ಚೀಟಿಗಾದರೋ ಒಂದು ತುಂಡು ಕಾಗದ ಸಾಕು. ಸಂತೆಯ ಸೊಪ್ಪಿನ ಬುಟ್ಟಿಯವರೆಗೂ ಇದು ತಲುಪಲು ಇದೇ ಮುಖ್ಯ ಕಾರಣ.

ಹಣ ಕೊಡುವಾಗ ಅನುಸರಿಸಬೇಕಾದ ಕ್ರಮ

1. ಚೀಟಿಯನ್ನು ಓದಿಸಿದ ಕೂಡಲೇ ಫೋನಿನಲ್ಲಿ ಬರುವ ಹೆಸರನ್ನು ಗಟ್ಟಿಯಾಗಿ ಓದಿ, ಅಂಗಡಿಯವರಿಂದ ಹೌದೆನ್ನಿಸಿಕೊಳ್ಳಿ. ಅಂಗಡಿಯ ಚೀಟಿಯ ಮೇಲೆ ಮೋಸಗಾರರು ತಮ್ಮ ಚೀಟಿ ಅಂಟಿಸಿ ಹೋಗುವುದುಂಟು. ಹೆಸರು ಓದುವ ಅಭ್ಯಾಸದಿಂದ ನಿಮಗೂ ಅಂಗಡಿಯವರಿಗೂ ರಕ್ಷಣೆ.

2. ಮೊತ್ತ ಬರೆದ ನಂತರ ಇನ್ನೊಮ್ಮೆ ನೋಡಿ. 250ರ ಬದಲು 2,500 ಆಗುವುದು ಒಂದು ಸೊನ್ನೆಯ ಅಂತರದಲ್ಲಿ.

3. ಪಿನ್ ಒತ್ತುವಾಗ ಫೋನನ್ನು ಮರೆಮಾಡಿ. ಹೋಟೆಲಿನ ಗಲ್ಲೆಯ ಮುಂದೆ ನೂಕುನುಗ್ಗಲಿರುವಾಗ ಇದು ಇನ್ನೂ ಮುಖ್ಯ. ಅವಸರದಲ್ಲಿ ಫೋನನ್ನೇ ಮಾಣಿಯ ಕೈಗೆ ಕೊಟ್ಟು ಪಿನ್ ಹೇಳಿಬಿಡುವುದು ತಿಜೋರಿಯ ಬೀಗದ ಕೈಯನ್ನು ಕೊಟ್ಟಂತೆಯೇ ಸರಿ.

4. ಪಾವತಿಯಾದ ಮೇಲೆ ಬರುವ ಗುರುತಿನ ಪರದೆಯನ್ನು ತೋರಿಸಿ, ಅಂಗಡಿಯವರಿಗೆ ಹಣ ಮುಟ್ಟಿದ್ದನ್ನು ಖಚಿತಪಡಿಸಿಕೊಂಡೇ ಹೊರಡಿ.

5. ಫೋನಿನಿಂದ ಕೊಟ್ಟರೆ ಎರಡು ರೂಪಾಯಿ ಹೆಚ್ಚು ಎಂದು ಕೆಲವರು ಕೇಳುವುದುಂಟು. ಬ್ಯಾಂಕ್ ಖಾತೆಯಿಂದ ಯು.ಪಿ.ಐ. ಮೂಲಕ ಹಣ ಪಡೆಯುವುದಕ್ಕೆ 2020ರ ಜನವರಿ 1ರಿಂದ ವ್ಯಾಪಾರಿಗಳ ಮೇಲೆ ಶುಲ್ಕವಿಲ್ಲ. ಇದನ್ನು ಸೌಮ್ಯವಾಗಿ ತಿಳಿಸಿ ಹೇಳಬಹುದು.

ಹಣ ಕಡಿತವಾಗಿಯೂ ಅಂಗಡಿಗೆ ಮುಟ್ಟದಿದ್ದರೆ

ಇದು ಅನೇಕರಿಗೆ ಬಂದಿರುವ ಅನುಭವ. ಊಟ ಮುಗಿದಿರುತ್ತದೆ, ಖಾತೆಯಿಂದ ಹಣ ಹೋಗಿರುತ್ತದೆ, ಹೋಟೆಲಿನವರ ಪೆಟ್ಟಿಗೆ ಮಾತ್ರ ಸುಮ್ಮನಿರುತ್ತದೆ. ಇಂತಹ ಸಮಯದಲ್ಲಿ ಗಾಬರಿಯಿಂದ ಕೂಡಲೇ ಎರಡನೆಯ ಬಾರಿ ಕಳಿಸಬೇಡಿ. ಎರಡು ಮೂರು ನಿಮಿಷ ತಾಳಿ, ಆ್ಯಪಿನ ಲೆಕ್ಕದ ಪಟ್ಟಿಯಲ್ಲಿ ಆ ಪಾವತಿ "ಆಗಿದೆ", "ಬಾಕಿ ಇದೆ", "ವಿಫಲ" ಇವುಗಳಲ್ಲಿ ಏನೆಂದು ತೋರಿಸುತ್ತಿದೆ ಎಂದು ನೋಡಿ. ಬಾಕಿ ಎಂದಿದ್ದರೆ ಹಣ ಇನ್ನೂ ದಾರಿಯಲ್ಲಿದೆ ಎಂದರ್ಥ. ಆಗ ಅಂಗಡಿಯವರಿಗೆ ನಗದು ಕೊಟ್ಟು, ಪಾವತಿಯ ಹನ್ನೆರಡು ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಮುಟ್ಟದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನಗಳೊಳಗೆ ಅದು ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಸಲ್ಲುತ್ತದೆ. ಆ ಅವಧಿ ಮೀರಿದರೆ ಮೊದಲು ಆ್ಯಪಿನಲ್ಲಿ, ನಂತರ ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಉಲ್ಲೇಖ ಸಂಖ್ಯೆ ಸಹಿತ ದೂರು ಕೊಡಿ. ಸಿಗ್ನಲ್ ಸಿಗದ ಊರುಗಳಿರುವುದರಿಂದ ಜೇಬಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ನಗದು ಸದಾ ಇರಲಿ.

ಬೀಜ, ಗೊಬ್ಬರ ಕೊಳ್ಳುವಾಗ ಬಿಲ್ಲು ಬಿಡಬೇಡಿ

ಫೋನಿನಲ್ಲಿ ಹಣ ಕೊಟ್ಟ ಗುರುತು ಇದೆ, ಬಿಲ್ಲೇಕೆ ಎಂಬ ಭಾವನೆ ಈಗ ಹರಡುತ್ತಿದೆ. ಇದು ಸರಿಯಲ್ಲ. ನೀವು ಇಂತಹ ದಿನ ಇಂತಹ ಅಂಗಡಿಗೆ ಇಷ್ಟು ಹಣ ಕೊಟ್ಟಿರಿ ಎಂಬುದನ್ನಷ್ಟೇ ಫೋನು ಹೇಳುತ್ತದೆ. ಯಾವ ತಳಿಯ ಬೀಜ, ಯಾವ ಲಾಟ್ ಸಂಖ್ಯೆ, ಎಷ್ಟು ಚೀಲ ಎಂಬುದನ್ನು ಹೇಳುವುದಿಲ್ಲ. ಬೀಜ ಮೊಳೆಯದೆ ಹೋದಾಗ, ಔಷಧಿ ಕಳಪೆಯಾದಾಗ ಕೃಷಿ ಇಲಾಖೆಗಾಗಲಿ ಗ್ರಾಹಕರ ಆಯೋಗಕ್ಕಾಗಲಿ ದೂರು ಕೊಡಲು ಬೇಕಾಗುವುದು ಬಿಲ್ಲು. ಬೀಜ (ನಿಯಂತ್ರಣ) ಆದೇಶ 1983 ಮತ್ತು ರಸಗೊಬ್ಬರ (ನಿಯಂತ್ರಣ) ಆದೇಶ 1985ರ ಮೇರೆಗೆ ಮಾರಾಟಗಾರರು ಬಿಲ್ಲು ಕೊಡಲೇಬೇಕು. ಗೊಬ್ಬರದ ಅಂಗಡಿಯಲ್ಲಿ ಆಧಾರ್ ಸಂಖ್ಯೆ, ಬೆರಳಚ್ಚು ಪಡೆಯುವ ಯಂತ್ರ ಸಹಾಯಧನದ ಲೆಕ್ಕಕ್ಕಾಗಿ ಇರುವುದು; ಹಣ ಪಾವತಿ ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು. ಬಿಲ್ಲನ್ನೂ ಬೀಜದ ಚೀಲದ ಚೀಟಿಯನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನವಾಗಿಡಿ.

ನೀವೇ ಮಾರುವಾಗ

ರಸ್ತೆಯ ಬದಿಯಲ್ಲಿ ಮಾವು, ಕಲ್ಲಂಗಡಿ, ತರಕಾರಿ ಮಾರುವ ರೈತರು ಈಗ ತಮ್ಮದೇ ಚೀಟಿ ಇಟ್ಟುಕೊಳ್ಳುತ್ತಿದ್ದಾರೆ. ಇಲ್ಲಿ ಎರಡು ಮಾತು ನೆನಪಿರಲಿ.

ಮೊದಲನೆಯದು, ಗಿರಾಕಿ ತೋರಿಸುವ ಪರದೆಯನ್ನು ನಂಬಬೇಡಿ. ಹಣ ಕೊಟ್ಟಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ಹಳೆಯ ಪಾವತಿಯ ಚಿತ್ರವನ್ನೇ ತೋರಿಸಿ ಹೋಗುವವರೂ ಇದ್ದಾರೆ. ನಿಮ್ಮ ಫೋನಿನ ಆ್ಯಪಿನಲ್ಲಿ ಅಥವಾ ಕೂಗುವ ಪೆಟ್ಟಿಗೆಯಲ್ಲಿ ಹಣ ಬಂದದ್ದು ಗೊತ್ತಾದ ಮೇಲೆಯೇ ಮಾಲು ಕೊಡಿ.

ಎರಡನೆಯದು, ಹಣ ಪಡೆಯಲು ಪಿನ್ ಎಂದಿಗೂ ಬೇಕಿಲ್ಲ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ ಮತ್ತು ಬಾಕಿ ನೋಡುವುದಕ್ಕೆ ಮಾತ್ರ. "ನಿಮ್ಮ ಟ್ರಾಕ್ಟರು ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಈ ಚೀಟಿ ಓದಿಸಿ ಪಿನ್ ಒತ್ತಿ" ಎಂದು ಯಾರಾದರೂ ಫೋನು ಮಾಡಿದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕೋರಿಕೆ ಕಳಿಸಿ ಪಿನ್ ಒತ್ತಿಸಿಕೊಳ್ಳುವ ವಂಚನೆ ಹೆಚ್ಚಾದ್ದರಿಂದ, ವ್ಯಕ್ತಿಗಳ ನಡುವಿನ ಅಂತಹ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದರೆ ಚೀಟಿ ಕಳಿಸಿ ಮೋಸ ಮಾಡುವವರು ಇನ್ನೂ ಇದ್ದಾರೆ.

ತೆರಿಗೆಯ ಅಂಜಿಕೆ

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ನೋಟೀಸು ಬಂದದ್ದು ಸುದ್ದಿಯಾಯಿತು. ಬೆಂಗಳೂರು ಮುಂತಾದ ಕಡೆ ಅಂಗಡಿಗಳವರು ಚೀಟಿ ಕಿತ್ತು "ನಗದು ಮಾತ್ರ" ಎಂದು ಫಲಕ ಹಾಕಿದರು. ಹಾಲು, ತರಕಾರಿ, ಹಣ್ಣು ಮೊದಲಾದ ತೆರಿಗೆಯಿಲ್ಲದ ಸರಕುಗಳ ವ್ಯಾಪಾರಿಗಳ ಮೇಲಿನ ಕ್ರಮ ಕೈಬಿಡುವುದಾಗಿ ಅದೇ ತಿಂಗಳು ಸರ್ಕಾರ ತಿಳಿಸಿತು.

ಇದರಿಂದ ರೈತರು ಅಂಜಬೇಕಾಗಿಲ್ಲ. ಸ್ವಂತ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ರೈತನಿಗೆ ಜಿ.ಎಸ್.ಟಿ. ನೋಂದಣಿಯ ಅಗತ್ಯವಿಲ್ಲವೆಂದು ಕಾಯಿದೆಯೇ ಹೇಳುತ್ತದೆ. ಬೇರೆಯವರ ಮಾಲು ಕೊಂಡು ಮಾರುವುದು, ಚಿಪ್ಸು, ಉಪ್ಪಿನಕಾಯಿ ಮಾಡಿ ಮಾರುವುದು ವ್ಯಾಪಾರವಾಗುತ್ತದೆ. ತೆರಿಗೆಗೆ ಒಳಪಡುವ ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ ರೂ., ಹೋಟೆಲಿನಂತಹ ಸೇವೆಯಲ್ಲಿ 20 ಲಕ್ಷ ರೂ. ವಹಿವಾಟು ಮೀರಿದರೆ ನೋಂದಣಿ ಬೇಕು. ಈ ಮಿತಿ ನಗದಿಗೂ ಫೋನಿಗೂ ಒಂದೇ. ವ್ಯಾಪಾರವನ್ನೂ ಮಾಡುವವರು ಬೆಳೆಯ ಹಣಕ್ಕೂ ವ್ಯಾಪಾರದ ಹಣಕ್ಕೂ ಬೇರೆ ಬೇರೆ ಖಾತೆ ಇಟ್ಟುಕೊಂಡರೆ ಮುಂದೆ ಲೆಕ್ಕ ಹೇಳುವುದು ಸುಲಭ.

ಬೆಳೆಯ ಹಣ ಒಂದು ಕಡೆ, ಕೈಖರ್ಚು ಒಂದು ಕಡೆ

ಬಿತ್ತನೆಯ ಬೀಜವನ್ನೂ ಊಟದ ಕಾಳನ್ನೂ ಒಂದೇ ಕಣಜದಲ್ಲಿ ಯಾರೂ ಇಡುವುದಿಲ್ಲ. ಹಣದ ವಿಷಯದಲ್ಲಿಯೂ ಈ ಕ್ರಮ ಒಳ್ಳೆಯದು. ಬೆಳೆಸಾಲ, ಬೆಳೆ ಮಾರಿದ ಹಣ, ವಿಮೆಯ ಹಣ ಬರುವ ಖಾತೆಯನ್ನು ಫೋನಿಗೆ ಜೋಡಿಸದೆ ಬಿಡಿ. ಇನ್ನೊಂದು ಉಳಿತಾಯ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅದರಲ್ಲಿರಿಸಿ, ಅದನ್ನು ಯು.ಪಿ.ಐ.ಗೆ ಬಳಸಿ. ಮೋಸವಾದರೂ ನಷ್ಟಕ್ಕೆ ಒಂದು ಮಿತಿ ಇರುತ್ತದೆ.

ಚಹಾ, ಬಸ್ಸಿನಂತಹ ಸಣ್ಣ ಖರ್ಚಿಗೆ ಯು.ಪಿ.ಐ. ಲೈಟ್ ಎಂಬ ಸೌಲಭ್ಯ 2022ರಿಂದ ಇದೆ. ಇದರಲ್ಲಿ 5,000 ರೂ. ವರೆಗೆ ತುಂಬಿಟ್ಟು, ಒಮ್ಮೆಗೆ 1,000 ರೂ. ವರೆಗೆ ಪಿನ್ ಇಲ್ಲದೆ ಕೊಡಬಹುದು. ಪಿನ್ ಇಲ್ಲದ್ದರಿಂದ ಫೋನಿಗೆ ಬೀಗದ ಸಂಖ್ಯೆ ಇರುವುದು ಅಗತ್ಯ. ಮನೆಯ ಮಕ್ಕಳಿಗೆ ಪಿನ್ ಹೇಳಿಕೊಡುವ ಬದಲು ಯು.ಪಿ.ಐ. ಸರ್ಕಲ್ ಎಂಬ ವ್ಯವಸ್ಥೆ ಬಳಸಬಹುದು. ಇದರಲ್ಲಿ ನಿಮ್ಮ ಖಾತೆಯಿಂದ ಮನೆಯವರೊಬ್ಬರು ತಿಂಗಳಿಗೆ ಹೆಚ್ಚೆಂದರೆ 15,000 ರೂ. ವರೆಗೆ ಖರ್ಚು ಮಾಡಲು ನೀವು ಅನುಮತಿ ಕೊಡಬಹುದು. ಪಿನ್ ನಿಮ್ಮಲ್ಲಿಯೇ ಉಳಿಯುತ್ತದೆ.

ಸಾದಾ ಫೋನ್ ಇರುವವರಿಗೆ ಯು.ಪಿ.ಐ. 123 ಪೇ ಎಂಬ ಸೌಲಭ್ಯ 2022ರ ಮಾರ್ಚ್ 8ರಂದು ಪ್ರಾರಂಭವಾಯಿತು. ಕರೆ ಮಾಡಿ, ಕೇಳಿದ ಅಂಕಿ ಒತ್ತಿ ಹಣ ಕಳಿಸಬಹುದು. ಇದಲ್ಲದೆ *99# ಒತ್ತಿ ಇಂಟರ್‌ನೆಟ್ ಇಲ್ಲದೆಯೂ ಹಣ ಕಳಿಸುವ ಕ್ರಮ ಇದೆ. ವಿವರಗಳನ್ನು ನಿಮ್ಮ ಬ್ಯಾಂಕ್ ಶಾಖೆಯಲ್ಲಿಯೇ ಕೇಳಿ ತಿಳಿಯಿರಿ. ಅಪರಿಚಿತರು ಕಳಿಸಿದ ಕೊಂಡಿಯನ್ನು ಒತ್ತಿ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ.

ಮೋಸವಾದರೆ ತಡಮಾಡಬೇಡಿ

ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುವುದರಿಂದ, ಮುಂಚೆ ತಿಳಿಸಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಳೆ ಪೇಟೆಗೆ ಹೋದಾಗ ಹೇಳೋಣವೆಂದು ಕುಳಿತರೆ ಒಡೆದ ಬದುವನ್ನು ಮಳೆ ನಿಂತ ಮೇಲೆ ಕಟ್ಟಿದಂತಾಗುತ್ತದೆ. ಅನಂತರ ಬ್ಯಾಂಕಿಗೆ ತಿಳಿಸಿ ಖಾತೆಯ ಯು.ಪಿ.ಐ. ನಿಲ್ಲಿಸಿ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಫೋನು ಕಳೆದರೆ ಮೊದಲು ಸಿಮ್ ನಿಲ್ಲಿಸಬೇಕು. ಮೋಸ ಹೋದೆನೆಂದು ನಾಚಿ ಸುಮ್ಮನಿರಬಾರದು. ಓದಿದವರೂ ನಗರದವರೂ ಮೋಸ ಹೋಗುತ್ತಿದ್ದಾರೆ.

ರೈತ ಬಾಂಧವರೇ, ಹೊಸ ಉಪಕರಣವನ್ನು ಹೊಲಕ್ಕೆ ಇಳಿಸುವ ಮುನ್ನ ಅದನ್ನು ನಡೆಸುವ ಬಗೆ, ನಿಲ್ಲಿಸುವ ಬಗೆ ಎರಡನ್ನೂ ಕಲಿಯುತ್ತೇವೆ. ಫೋನಿನ ಪಾವತಿಯೂ ಒಂದು ಉಪಕರಣವೇ. ಹೆಸರು ಓದುವುದು, ಮೊತ್ತ ನೋಡುವುದು, ಪಿನ್ ಗುಟ್ಟಾಗಿಡುವುದು, ಬಿಲ್ಲು ಕೇಳುವುದು, ಬೆಳೆಯ ಹಣವನ್ನು ಬೇರೆ ಇಡುವುದು, ಈ ಐದನ್ನು ರೂಢಿಸಿಕೊಂಡರೆ ಇದರ ಅನುಕೂಲವನ್ನು ನೀವು ನಿಶ್ಚಿಂತೆಯಿಂದ ಪಡೆಯಬಹುದು. ಓದು ಬರಹ ಬಾರದ ನೆರೆಹೊರೆಯವರಿಗೂ ಇದನ್ನು ಓದಿ ಹೇಳಿ.