ಹವಾಲ್ದಾರರ ಪಾದ

ಒಂದೆರಡು ಅಂಕಗಳಿಂದ ಸೋತ ವಿದ್ಯಾರ್ಥಿಗಳ ಮುಖವನ್ನು ಪ್ರತಿವರ್ಷವೂ ಕಾಣುವವನು ನಾನು. ಆದರೆ ಐದು ಅಂಕಗಳಿಗಾಗಿ ನನ್ನ ಸೋದರಮಾವನೇ ಔರಾದಿನಿಂದ ಬಸ್ಸು ಹಿಡಿದು ಬೀದರಿನ ನಮ್ಮ ಮನೆಯ ಮೆಟ್ಟಿಲೇರಿ ಬಂದಾರೆಂದು ಎಣಿಸಿರಲಿಲ್ಲ.

ಮಾಮಾ ನನಗಿಂತ ನಾಲ್ಕೇ ವರ್ಷ ಹಿರಿಯರು. ಭಾಲ್ಕಿಯ ಶಾಲೆಯಲ್ಲಿ ಓಟಕ್ಕೆ ಹೆಸರಾಗಿದ್ದವರು. ಇಪ್ಪತ್ತಾರು ವರ್ಷ ಪದಾತಿದಳದಲ್ಲಿ ಹೊರೆ ಹೊತ್ತು ನಡೆದು, ೨೦೨೩ರ ಆರಂಭದಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಹೊರಡುವ ಮುನ್ನ ಪರೀಕ್ಷಿಸಿದ ವೈದ್ಯಮಂಡಳಿಯು ಮೊಣಕಾಲಿನ ಸವೆತ, ಚಪ್ಪಟೆಯಾದ ಪಾದ ಎರಡನ್ನೂ ಸೇರಿಸಿ ಶೇಕಡಾ ೧೫ರಷ್ಟು ಅಂಗವೈಕಲ್ಯವೆಂದು ಬರೆಯಿತು. ಅವಧಿ ಮುಗಿಸಿ ಬಂದವರಿಗೆ ಅದರ ಪಿಂಚಣಿ ದೊರೆಯಬೇಕಾದರೆ ೨೦ ಆಗಬೇಕು. ಹಕ್ಕಿಗೆ ಅರ್ಹವಾದ ೨೦ನ್ನು ೫೦ಕ್ಕೆ ಏರಿಸಿ ಲೆಕ್ಕಹಾಕುವ ಸವಲತ್ತು ಇಂಥವರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ರಾಮ್ ಅವತಾರ್ ಮೊಕದ್ದಮೆಯಲ್ಲಿ ಹೇಳಿದೆ. ನಮ್ಮ ವಿಶ್ವವಿದ್ಯಾಲಯಗಳ ಕೃಪಾಂಕವೂ ಇಷ್ಟು ಉದಾರವಲ್ಲ!

ನನ್ನನ್ನು ಕೆಣಕಿದ್ದು ಆ ಕಾಗದದ ಇನ್ನೊಂದು ಸಾಲು. ಪಾದದ ದೋಷ ಹುಟ್ಟಿನಿಂದ ಬಂದದ್ದಂತೆ; ಸೇವೆಯಿಂದಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲವಂತೆ. ಚಪ್ಪಟೆ ಪಾದದವರನ್ನು ಭರ್ತಿಯ ಮೈದಾನದಿಂದಲೇ ಹಿಂದಕ್ಕೆ ಕಳುಹಿಸುವರೆಂಬುದನ್ನು ನಮ್ಮ ಹಳ್ಳಿಯ ಹುಡುಗರೂ ಬಲ್ಲರು. ಹುಟ್ಟಿನಿಂದಲೇ ಇದ್ದ ದೋಷ ಅಂದು ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ೨೦೧೩ರ ಧರಂವೀರ್ ಸಿಂಗ್ ತೀರ್ಪಿನ ತಿರುಳೂ ಇದೇ: ಸೇರುವಾಗ ದೋಷವು ದಾಖಲೆಯಲ್ಲಿ ನಮೂದಾಗಿರದಿದ್ದರೆ ಸಿಪಾಯಿ ಅಂದು ಆರೋಗ್ಯವಂತನಾಗಿದ್ದನೆಂದು ಗ್ರಹಿಸಬೇಕು; ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು. (೨೦೨೩ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಾವಳಿ ಬಂದಿತು. ಮಾಮಾ ಅದಕ್ಕೆ ಮುನ್ನವೇ ಬಿಡುಗಡೆಯಾದವರು.)

ಮನವಿ ಬರೆಯಲು ಕುಳಿತಾಗ ನೋವಿಗೆ ದಾಖಲೆ ಕೇಳಿದೆ.

“ದವಾಖಾನಿಗಿ ಹೋದ್ರ ಜೋಡಿ ಇದ್ದವ್ರು ನಗ್ತಿದ್ರು, ತಮ್ಮಾ” ಎಂದರು.

ರಾತ್ರಿ ಎಣ್ಣೆ ತಿಕ್ಕಿಕೊಂಡು ಬೆಳಗ್ಗೆ ಸಾಲಿನಲ್ಲಿ ನಿಂತ ಆ ವರ್ಷಗಳಿಗೆ ಒಂದು ಚೀಟಿಯೂ ಇಲ್ಲ. ಕೊನೆಯ ವರ್ಷಗಳ ಎರಡು ಕಾಗದಗಳು, ಭಾಲ್ಕಿಯ ಮೂಳೆ ವೈದ್ಯರು ತೆಗೆಸಿದ ಎಕ್ಸರೇ, ಇಷ್ಟೇ ನಮ್ಮ ಬಂಡವಾಳ. ಮೊದಲ ಮನವಿ ತಿರಸ್ಕೃತವಾಯಿತು.

ಎರಡನೆಯದನ್ನು ಬರೆಯುವಾಗ ನಾನು ಕೊಂಚ ಸಾಹಿತ್ಯ ಬೆರೆಸಿ, ‘ಈಗ ನಡೆಯಲಾರೆನು’ ಎಂದು ಸೇರಿಸಿದೆ. ಮಾಮಾ ಆ ಪದದ ಮೇಲೆ ಬೆರಳಿಟ್ಟರು.

“ಇದು ತೆಗಿ. ನಡೀಲಾಕ ಬರ್ತದ. ಇಳೀಲಾಕ ಬರಲ್ಲ.”

ತೆಗೆದೆ. ಅವರ ಮಾತನ್ನೇ ಬರೆದೆ. ಇದೂ ಹೋದರೆ ಉಳಿಯುವುದು ೨೦೦೭ರ ಕಾಯಿದೆಯಂತೆ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು. ಸಂಜೆಯ ಬಸ್ಸಿಗೆ ಹೊರಟ ಮಾಮಾ ಗೋಡೆ ಹಿಡಿದು, ಬೆನ್ನು ಬೀದಿಯ ಕಡೆಗೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿದರು.